ಗ್ರೆನೋಬಲ್‌ನಲ್ಲಿ ಓದುವವರಿಗೆ: ಮೊದಲು ಸೈಕಲ್, ಆಮೇಲೆ ಉಳಿದದ್ದು

ಫ್ರಾನ್ಸಿನ ಗ್ರೆನೋಬಲ್‌ಗೆ ಮಾಸ್ಟರ್ಸ್ ಓದಲು ಹೊರಟವರು ನನ್ನನ್ನು ಕೇಳುವುದು ರೂಮಿನ ಬಗ್ಗೆ, ಊಟದ ಬಗ್ಗೆ, ಭಾಷೆಯ ಬಗ್ಗೆ. ಓಡಾಟದ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಮಾತ್ರ ಮೊದಲು ಅದನ್ನೇ ಹೇಳುತ್ತೇನೆ. ಆ ಊರು ನನಗೆ ಒಗ್ಗಿದ್ದೇ ಸೈಕಲ್ ಬಾಡಿಗೆಗೆ ತಗೊಂಡ ಮೇಲೆ. ಗೆಳೆಯರು, ಸಂತೆ, ಬೆಟ್ಟ ಎಲ್ಲ ಅದರ ಹಿಂದೆ ಬಂದವು.

ಆಲ್ಪ್ಸ್ ಅಂದ ತಕ್ಷಣ ಏರು ರಸ್ತೆಗಳು ಅಂದುಕೊಳ್ಳಬೇಡಿ. ಶಾರ್ತ್ರೂಸ್, ವೆರ್ಕೋರ್, ಬೆಲ್‌ದಾನ್ ಅಂತ ಮೂರು ಬೆಟ್ಟಸಾಲು ಸುತ್ತ ನಿಂತಿವೆ, ಊರು ಮಾತ್ರ ನಡುವೆ ಅಂಗೈಯಷ್ಟು ಸಮತಟ್ಟು. ಯೂನಿವರ್ಸಿಟಿ ಕ್ಯಾಂಪಸ್ ಇರುವುದು ಪಕ್ಕದ ಸ್ಯಾಂ-ಮಾರ್ತ್ಯಾಂ-ದೇರ್‌ನಲ್ಲಿ, ಇಜೇರ್ ನದಿ ತಿರುವು ಹಾಕುವ ಜಾಗದಲ್ಲಿ. ನದಿ ದಂಡೆಯ ಸೈಕಲ್ ದಾರಿ ಹಿಡಿದರೆ ಕಾರುಗಳ ಕಾಟವಿಲ್ಲದೆ ಊರಿನ ನಡುಭಾಗಕ್ಕೆ ಬರಬಹುದು. ಮೊದಲು ಮೆಟ್ರೋವೆಲೋ ಅನ್ನುತ್ತಿದ್ದ, ಈಗ ಎಂವೆಲೋ+ ಅನ್ನುವ ಹಳದಿ ಸೈಕಲ್‌ಗಳು ಬಾಡಿಗೆಗೆ ಸಿಗುತ್ತವೆ, ವಿದ್ಯಾರ್ಥಿಗಳಿಗೆ ದರ ಕಡಿಮೆ. ಹೊಸ ಸೈಕಲ್ ಕೊಳ್ಳುವುದಕ್ಕಿಂತ ಇದೇ ವಾಸಿ, ಯಾಕೆಂದರೆ ಅಲ್ಲಿ ಸೈಕಲ್ ಕಳ್ಳತನ ಜಾಸ್ತಿ. ನಿಲ್ಲಿಸುವಾಗ ಚಕ್ರವನ್ನಷ್ಟೇ ಅಲ್ಲ, ಚೌಕಟ್ಟನ್ನೂ ಕಂಬಕ್ಕೆ ಸೇರಿಸಿ ಬೀಗ ಹಾಕಿ.

ನಿಯಮಗಳನ್ನು ಸುಮ್ನೆ ಬಿಡಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸೈಕಲ್ ಹೊಡೆದರೆ 135 ಯೂರೋ ದಂಡ. ಕೆಂಪು ಸಿಗ್ನಲ್ ದಾಟಿದರೂ ದಂಡ ಇದೆ. ಆದರೆ ಕೆಲವು ಸಿಗ್ನಲ್ ಕಂಬಗಳಲ್ಲಿ ಸೈಕಲ್ ಚಿತ್ರ, ಹಳದಿ ಬಾಣ ಇರುವ ಚಿಕ್ಕ ತ್ರಿಕೋನ ಫಲಕ ಇರುತ್ತದೆ. ಅದಿದ್ದರೆ, ನಡೆಯುವವರಿಗೆ ದಾರಿ ಬಿಟ್ಟು, ಬಾಣ ತೋರಿಸುವ ಕಡೆಗೆ ಕೆಂಪಿನಲ್ಲೂ ಹೋಗಬಹುದು.

ಮಳೆ ಬಂದರೆ ಟ್ರಾಮ್. ಈಗಿನ ಟ್ರಾಮ್ ಶುರುವಾಗಿದ್ದು 1987ರಲ್ಲಿ, ಎ ಇಂದ ಇ ತನಕ ಐದು ಲೈನ್‌ಗಳಿವೆ. ಕ್ಯಾಂಪಸ್‌ಗೆ ಬಿ, ಸಿ, ಡಿ ಹೋಗುತ್ತವೆ. ಟ್ರಾಮಿನ ಒಳನೆಲ ಪ್ಲಾಟ್‌ಫಾರ್ಮ್‌ಗೆ ಸರಿಸಮ ಇರುವುದರಿಂದ ವೀಲ್‌ಚೇರ್‌ನಲ್ಲಿ ಬರುವವರು ಯಾರ ಸಹಾಯವೂ ಇಲ್ಲದೆ ಹತ್ತುತ್ತಾರೆ, ಇದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು. ತಿಂಗಳ ಪಾಸ್ ಇದ್ದರೂ ಹತ್ತುವಾಗ ಪ್ರತಿ ಸಲ ಕಾರ್ಡ್ ಮುಟ್ಟಿಸಬೇಕು. ಆದಾಯ ನೋಡಿ ಪಾಸಿನ ದರ ಇಳಿಸುವ ವ್ಯವಸ್ಥೆಯೂ ಇದೆ, ಕೇಳಿ ಪಡೆಯಿರಿ.

ಕಾಗದಪತ್ರದ ಕೆಲಸ ಬೇಸರದ್ದು, ಚುಟುಕಾಗಿ ಹೇಳುತ್ತೇನೆ. ಫ್ರಾನ್ಸ್ ತಲುಪಿದ 3 ತಿಂಗಳೊಳಗೆ ವಿದ್ಯಾರ್ಥಿ ವೀಸಾವನ್ನು ಆನ್‌ಲೈನ್‌ನಲ್ಲಿ ದೃಢಪಡಿಸಲೇಬೇಕು. ಮನೆ ಮಾಲೀಕರು ಜಾಮೀನುದಾರ ಬೇಕು ಅಂದರೆ ವಿಸಾಲ್ ಅನ್ನುವ ಉಚಿತ ಜಾಮೀನು ಇದೆ, ಅದಕ್ಕೆ ಅರ್ಜಿ ಹಾಕಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅದು ಕೈಯಲ್ಲಿರಬೇಕು.

ಊಟ. ಕ್ಯಾಂಪಸ್‌ನಲ್ಲಿ ಕ್ರೂಸ್ ಅನ್ನುವ ಸರ್ಕಾರಿ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಕ್ಯಾಂಟೀನ್‌ಗಳಿವೆ. ನಾನಿದ್ದಾಗ ಪೂರ್ತಿ ಊಟಕ್ಕೆ 3.30 ಯೂರೋ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆ ಸೀಮೆಯ ಅಡುಗೆ ನಮಗೆ ಹೊಂದುತ್ತದೆ. ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಹಾಲು-ಕೆನೆಯಲ್ಲಿ ಬೇಯಿಸುವ ಗ್ರಾತಾಂ ದೋಫಿನ್ವಾ, ಚೀಸ್ ತುಂಬಿದ ಪುಟಾಣಿ ಕಡುಬಿನಂಥ ರಾವಿಯೋಲ್, ಗ್ರೆನೋಬಲ್‌ನದೇ ಹೆಸರಾಂತ ವಾಲ್ನಟ್. ಯಾರಾದರೂ ಮನೆಗೆ ಕರೆದರೆ ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಹೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಂಡಿದ್ದು ನಾನು ನೋಡಿಲ್ಲ. ಕೊತ್ತಂಬರಿ, ಪುದೀನ, ಹಸಿಮೆಣಸಿಗೆ ನಾನು ಸ್ಯಾಂ-ಬ್ರೂನೋ ಸಂತೆಗೆ ಹೋಗುತ್ತಿದ್ದೆ. ರೈಲು ಹಳಿಯ ಸೇತುವೆಯ ಕೆಳಗೆ ಎಸ್ತಕಾದ್ ಅನ್ನುವ ಇನ್ನೊಂದು ಸಂತೆ ನಡೆಯುತ್ತದೆ. ಎಲ್ಲೇ ಹೋದರೂ ಬೋಂಜೂರ್ ಅಂದು ಆಮೇಲೆ ಮಾತು ಶುರು ಮಾಡಿ. ಹಾಗೆ ಸಂತೆಯಲ್ಲಿ ಆಡಿದ ಹರಕು ಮುರಕು ಮಾತೇ ನನ್ನ ಫ್ರೆಂಚ್‌ಗೆ ತರಗತಿಗಿಂತ ಹೆಚ್ಚು ಸಹಾಯ ಮಾಡಿತು.

ಚಳಿಗಾಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲು. ತಣ್ಣನೆ ಗಾಳಿ ಕಣಿವೆಯಲ್ಲಿ ಕೂತುಬಿಡುತ್ತದೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತದೆ, ಮಂಜೂ ಹೊಗೆಯೂ ಕೆಳಗೇ ಉಳಿಯುತ್ತವೆ. ನಮ್ಮಂಥ ಬಿಸಿಲಿನ ಊರಿನವರಿಗೆ ಇದು ನಿಜಕ್ಕೂ ಕಷ್ಟ ಅಲ್ವಾ? ರೂಮಿನಲ್ಲಿ ಕೂತರೆ ಮನಸ್ಸು ಇನ್ನೂ ಕುಗ್ಗುತ್ತದೆ. ನಾನು ಮಾಡುತ್ತಿದ್ದುದು ಇಷ್ಟೇ: ಬಸ್ ಹತ್ತಿ ಶಾಮ್‌ರೂಸ್ ಅನ್ನುವ ಬೆಟ್ಟದ ಮೇಲಿನ ಸ್ಕೀಯಿಂಗ್ ಊರಿಗೆ ಹೋಗುವುದು. 1968ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫ್ರೆಂಚ್ ಸ್ಕೀ ಆಟಗಾರ ಜಾಂ-ಕ್ಲೋದ್ ಕಿಲ್ಲಿ ಮೂರು ಚಿನ್ನ ಗೆದ್ದ ಇಳಿಜಾರುಗಳು ಅಲ್ಲಿವೆ. ಎಷ್ಟೋ ಸಲ ಬಸ್ಸು ಮೋಡದ ಒಳಗಿಂದ ಮೇಲೆ ಬರುತ್ತಿದ್ದಂತೆ ಬಿಸಿಲು ಹೊಡೆಯುತ್ತಿತ್ತು, ಕೆಳಗೆ ಊರೇ ಕಾಣುತ್ತಿರಲಿಲ್ಲ. ಸ್ಕೀಯಿಂಗ್ ಕಲಿಯಲು ಆಸೆಯಿದ್ದರೆ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮೂಲಕ ಹೋಗಿ, ಖರ್ಚು ಬಹಳ ಕಡಿಮೆ. ಅಷ್ಟು ದೂರ ಬೇಡ ಅಂದರೆ ಊರ ಪಕ್ಕದ ಗುಡ್ಡದ ಮೇಲಿನ ಬಾಸ್ತೀಯ್ ಕೋಟೆಗೆ ನಡೆದು ಹತ್ತಿ. ಗುಂಡಗಿನ ಗಾಜಿನ ಡಬ್ಬಿಗಳ ಕೇಬಲ್ ಕಾರ್ ಇದೆ, ಅದು 1934ರಿಂದ ಓಡುತ್ತಿದೆ, ಆದರೆ ನಡಿಗೆಗೆ ದುಡ್ಡು ಬೇಡ. ಆಕಾಶ ಶುಭ್ರವಾಗಿದ್ದರೆ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂ ಬ್ಲಾಂ ಕಾಣುತ್ತದೆ.

ದುಡ್ಡಿಲ್ಲದ ಭಾನುವಾರಗಳಿಗೆ ದೋಫಿನ್ವಾ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಬೆಟ್ಟದ ಜನ ಹೇಗೆ ಬದುಕುತ್ತಿದ್ದರು ಅನ್ನುವುದನ್ನು ಅವರ ಮನೆಯ ಸಾಮಾನುಗಳ ಸಮೇತ ತೋರಿಸುತ್ತಾರೆ. ಜೂನ್ 21ರ ಸಂಗೀತ ಹಬ್ಬದ ರಾತ್ರಿ ಬೀದಿ ಬೀದಿಯಲ್ಲಿ ಹಾಡು, ಅವತ್ತು ಸೈಕಲ್ ಬಿಟ್ಟು ನಡೆದೇ ಹೋಗಿ.

ಇನ್ನು ಬೇರೆ ಊರು ನೋಡುವ ಆಸೆಯಿದ್ದರೆ, 27 ವರ್ಷದ ತನಕ ಸಿಗುವ ರಿಯಾಯಿತಿ ರೈಲು ಕಾರ್ಡ್ ಮೊದಲ ವಾರವೇ ಮಾಡಿಸಿ. ಲಿಯೋಂಗೆ ಸುಮಾರು ಒಂದೂವರೆ ಗಂಟೆ. ಡಿಸೆಂಬರ್ 8ರ ಸುಮಾರಿಗೆ ಅಲ್ಲಿ ನಡೆಯುವ ದೀಪದ ಹಬ್ಬಕ್ಕೆ ಹೋಗುವುದಾದರೆ ವಾಪಸ್ ಬರುವ ಕೊನೆಯ ರೈಲಿನ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ, ಅವತ್ತು ಸ್ಟೇಷನ್ನಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.