ಭಾನುವಾರದ ಕಾಡುಶಾಲೆ: ದೊಡ್ಡವರು ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ?

ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಯವರು ಸೇರಿ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಮರಗಿಡಗಳ ನಡುವೆ ಕರೆದೊಯ್ಯುವುದು ಬೆಂಗಳೂರಿನಲ್ಲಿ ಈಗ ಹೊಸದೇನಲ್ಲ. ಮೊದಲೆರಡು ವಾರ ಭಾರಿ ಹುರುಪು, ಮೂರನೇ ವಾರಕ್ಕೆ ಅರ್ಧ ಜನ, ಆಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಮಾತ್ರ. ಕೇಳಿದರೆ ‘ಮಕ್ಕಳಿಗೆ ಬೋರ್ ಆಯ್ತಂತೆ’ ಎನ್ನುತ್ತಾರೆ. ಬೋರ್ ಹೊಡೆಸಿದವರು ಯಾರು? ವಾರವೆಲ್ಲ ಪಾಠ ಕೇಳಿ ಬಂದ ಮಗುವಿಗೆ ಮರದ ಬುಡದಲ್ಲೂ ಪಾಠ ಹೇಳಿದರೆ ಅದು ಇನ್ನೇನು ಅಂದೀತು?

ಕಾಡುಶಾಲೆಯ ಈ ಪದ್ಧತಿ ಡೆನ್ಮಾರ್ಕ್ ಕಡೆಯದು. 1993ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಕಾಲೇಜಿನವರು ಅಲ್ಲಿಗೆ ಹೋಗಿ ನೋಡಿಬಂದು ತಮ್ಮೂರಲ್ಲಿ ಶುರುಮಾಡಿದರು. ಅವರಿಂದ ನಾವು ತೆಗೆದುಕೊಳ್ಳಬೇಕಾದ ಮುಖ್ಯ ಸಂಗತಿ ಒಂದೇ: ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುವುದು. ವಾರಕ್ಕೊಂದು ಹೊಸ ಜಾಗ ಎಂದರೆ ಅದು ಪಿಕ್ನಿಕ್ಕು.

ಜಾಗ

ಮನೆಯಿಂದ ಅರ್ಧ ಗಂಟೆಯೊಳಗಿರಲಿ. ದಟ್ಟ ಕಾಡೇ ಬೇಕಿಲ್ಲ. ಲಾಲ್‌ಬಾಗ್‌ನ 240 ಎಕರೆಯಲ್ಲಿ ಗಾಜಿನ ಮನೆಯತ್ತ ತಿರುಗದೆ ಕೆರೆ ಬದಿಯ ಒಂದು ಮೂಲೆ ಹಿಡಿದರೂ ಸಾಕು. ಕಬ್ಬನ್ ಪಾರ್ಕ್, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಜಕ್ಕೂರು ಕೆರೆ ಎಲ್ಲವೂ ಆಗುತ್ತವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಕನಕಪುರ ರಸ್ತೆ ಕಡೆಯ ತುರಹಳ್ಳಿ ಮಾತ್ರ ಪಾರ್ಕ್ ಅಲ್ಲ, ಅರಣ್ಯ ಇಲಾಖೆಯ ಕಾಡು. ಗುಂಪು ಕಟ್ಟಿಕೊಂಡು ನುಗ್ಗುವ ಮೊದಲು ಇಲಾಖೆಯವರನ್ನು ಕೇಳಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದಂತೂ ಒಂದು ಕಡ್ಡಿಯನ್ನೂ ಮನೆಗೆ ತರುವಂತಿಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಜನ ಮತ್ತು ಚೀಲ

ಐದಾರು ಮನೆ ಸಾಕು. ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಬೇಡಿ. ಅಜ್ಜ ಅಜ್ಜಿಯರನ್ನು ಕಡ್ಡಾಯವಾಗಿ ಕರೆತನ್ನಿ. ತುಂಬೆ, ಉತ್ತರಾಣಿ, ಗರಿಕೆಗಳನ್ನು ನೋಡಿದ ಕೂಡಲೇ ಗುರುತಿಸುವವರು ನಿಮ್ಮ ಗುಂಪಿನಲ್ಲಿ ಬೇರೆ ಯಾರಿದ್ದಾರೆ?

ಚೀಲದಲ್ಲಿ ನೀರು, ಕೂರಲು ಹಳೆಯ ಗೋಣಿಚೀಲ, ಬ್ಯಾಂಡೇಜು, ಒಂದು ಜೊತೆ ಬಟ್ಟೆ. ತಿಂಡಿ ಸ್ಟೀಲ್ ಡಬ್ಬಿಯಲ್ಲೇ ಇರಲಿ. ಚಿಪ್ಸ್ ಪ್ಯಾಕೆಟ್ಟಿನ ಸರಪರ ಸದ್ದು ಕೇಳಿದರೆ ಮಂಗಗಳು ಬರುತ್ತವೆ, ಆಮೇಲೆ ಆ ದಿನ ಮಂಗಗಳದ್ದೇ. ಕ್ರಾಕ್ಸ್ ಬೇಡ, ಹಳೆಯ ಶೂ ಹಾಕಿ. ಉದ್ದ ತೋಳು, ಉದ್ದ ಪ್ಯಾಂಟು. ಅಂಗಿಗೆ ಅಂಟಿಸುವ ಸೊಳ್ಳೆ ಸ್ಟಿಕ್ಕರ್, ಕೈಗೆ ಕಟ್ಟುವ ಬಣ್ಣದ ಪಟ್ಟಿಗಳಿಗೆ ದುಡ್ಡು ಹಾಕಬೇಡಿ, ಮೈಗೆ ಹಚ್ಚುವ ಮುಲಾಮೇ ವಾಸಿ. ‘ಪುಟಾಣಿ ಅನ್ವೇಷಕ’ ಎಂದು ಮಾರುವ ಪ್ಲಾಸ್ಟಿಕ್ ದುರ್ಬೀನಿನಲ್ಲಿ ಎದುರಿಗಿರುವ ಮರವೂ ಮಸುಕು. ಅದರ ಬದಲು ಒಂದು ಒಳ್ಳೆಯ ಭೂತಗನ್ನಡಿ ಕೊಳ್ಳಿ.

ಬೆಳಿಗ್ಗೆ ಆರೂವರೆಗೆ ಅಲ್ಲಿರಿ. ಮೊದಲ ಅರ್ಧ ಗಂಟೆ ಓಡಲಿ, ಕಿರುಚಲಿ, ಕೆಸರು ತುಳಿಯಲಿ.

ಸುಮ್ಮನೆ ಕೂರುವುದು

ಎಲ್ಲ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಗುಂಪು ಬಂದಾಗ ಅಳಿಲು, ಹಕ್ಕಿಗಳು ದೂರ ಸರಿಯುತ್ತವೆ. ನಾವು ಅಲ್ಲಾಡದೆ ಕೂತರೆ ಸ್ವಲ್ಪ ಹೊತ್ತಿಗೆ ಒಂದೊಂದಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ಈ ಮರಳುವಿಕೆಯನ್ನು ಮಗು ತಾನಾಗಿ ಕಾಣಬೇಕು, ಇಷ್ಟೇ ಉದ್ದೇಶ. ನಡುವೆ ಬಾಯಿ ಹಾಕುವುದು ಇಡ್ಲಿ ಬೇಯುವ ಮೊದಲೇ ಮುಚ್ಚಳ ತೆಗೆದಂತೆ.

ಮೊದಲು ದೊಡ್ಡವರೊಬ್ಬರು ಜಾಗ ಪರೀಕ್ಷಿಸಲಿ. ಮರದ ಬುಡಕ್ಕೆ ಕೋಲಿನಿಂದ ತಟ್ಟಿ, ಕೆಂಪಿರುವೆ ಇದೆಯೇ, ಬಿಲ ಇದೆಯೇ ನೋಡಿ. ಆಮೇಲೆ ತಲೆ ಎತ್ತಿ. ದೊಡ್ಡ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಕಂಡರೆ ಆ ಬದಿಗೇ ಬೇಡ, ಕಲ್ಲೆಸೆಯುವ ವಯಸ್ಸಿನ ಹುಡುಗರಿದ್ದರಂತೂ ಬೇಡವೇ ಬೇಡ. ಸೆಂಟು ಹಾಕಿಕೊಂಡು ಬರಬೇಡಿ ಎಂದು ಹಿಂದಿನ ದಿನವೇ ತಿಳಿಸಿರಿ. ಬುಡವನ್ನು ಕಾಂಗ್ರೆಸ್ ಗಿಡ ಮುತ್ತಿದ್ದರೆ ಬೇರೆ ಮರ ಹುಡುಕಿ, ಕೆಲವರಿಗೆ ಅದು ತಗುಲಿದರೆ ತುರಿಕೆ, ಸೀನು.

ಒಬ್ಬೊಬ್ಬರಿಗೆ ಒಂದೊಂದು ಮರ, ಹತ್ತು ಹೆಜ್ಜೆ ಅಂತರ, ಕಣ್ಣಳತೆಯೊಳಗೆ. ಅಣ್ಣ ತಮ್ಮ ಅಕ್ಕಪಕ್ಕ ಬೇಡ. ಐದು ವರ್ಷದೊಳಗಿನವರು ಮಡಿಲಲ್ಲೇ ಕೂರಲಿ. ಮೊದಲ ದಿನ ಮೂರು ನಿಮಿಷ, ತಿಂಗಳು ಕಳೆದಂತೆ ಹತ್ತಕ್ಕೆ ಏರಿಸಿ. ಮೊದಲ ದಿನವೇ ಇಪ್ಪತ್ತು ನಿಮಿಷ ಕೂರಿಸಲು ಹೊರಟವರು ಎರಡನೇ ಭಾನುವಾರ ಕಾಣುವುದಿಲ್ಲ.

‘ಶ್! ಸದ್ದು ಮಾಡಬೇಡಿ’ ಎಂದು ಗದರಬೇಡಿ. ಒಂದು ಕೆಲಸ ಕೊಡಿ: ಕೇಳಿದ ಪ್ರತಿ ಹೊಸ ಸದ್ದಿಗೂ ಒಂದು ಬೆರಳು ಮಡಚುವುದು. ಕುಟ್ರು ಹಕ್ಕಿ ಕೂಗಿದರೂ ಒಂದು, ಬಿಎಂಟಿಸಿ ಬಸ್ಸಿನ ಹಾರನ್ ಬಂದರೂ ಒಂದು. ಮೊದಲ ನಿಮಿಷ ಚಡಪಡಿಕೆ, ಎರಡನೆಯದರಲ್ಲಿ ಹುಲ್ಲು ಕೀಳುವುದು, ಮೂರನೆಯದರಲ್ಲಿ ಕಣ್ಣು ಎಲ್ಲೋ ನೆಡುತ್ತದೆ. ಸರಿಯಾಗಿ ಆಗಲೇ ಯಾರಾದರೂ ಅಮ್ಮ ‘ಪುಟ್ಟಾ, ಅಲ್ಲಿ ನೋಡು ಅಳಿಲು!’ ಎನ್ನುತ್ತಾರೆ. ಅಪ್ಪ ಅದರ ಇಂಗ್ಲಿಷ್ ಹೆಸರು ಸೇರಿಸುತ್ತಾರೆ. ಮತ್ತೊಬ್ಬರು ಫೋಟೊ ತೆಗೆಯಲು ಎದ್ದು ನಿಲ್ಲುತ್ತಾರೆ. ಅಳಿಲು ಹೋಯಿತು.

ಮದ್ದು ಇಷ್ಟೇ: ದೊಡ್ಡವರ ಫೋನುಗಳೆಲ್ಲ ಒಂದೇ ಚೀಲಕ್ಕೆ ಹೋಗಲಿ, ಹೊತ್ತು ನೋಡುವವರದೊಂದು ಬಿಟ್ಟು. ಹಕ್ಕಿ ದನಿ ಗುರುತಿಸುವ ಆ್ಯಪ್ ಕೂಡ ಚೀಲದಲ್ಲೇ ಇರಲಿ, ಅದು ಹೆಸರು ಹೇಳಿದ ಕೂಡಲೇ ಕಿವಿ ಕೆಲಸ ನಿಲ್ಲಿಸುತ್ತದೆ. ದೊಡ್ಡವರಿಗೂ ಒಂದೊಂದು ಮರ ಕೊಟ್ಟು, ಮಗುವಿನ ಕಡೆಗೆ ಪಕ್ಕೆ ತಿರುಗಿಸಿ ಕೂರಿಸಿ. ಓರೆಗಣ್ಣಿಗೆ ಮಗು ಕಾಣಬೇಕು, ಮಗುವಿನ ಮುಖ ಓದಲು ಹೋಗಬಾರದು. ಮಗು ‘ಬೋರು’ ಎಂದರೆ ‘ಹೂಂ’ ಎನ್ನಿ, ಮುಂದೆ ಮಾತಿಲ್ಲ. ಅತ್ತರೆ ಎತ್ತಿಕೊಂಡು ಅಲ್ಲೇ ಕೂರಿ. ಮುಗಿಯಿತು ಎನ್ನಲು ಸೀಟಿ ಊದಬೇಡಿ, ಬಾಯಲ್ಲೇ ಕೋಗಿಲೆ ಕೂಗು ಹಾಕಿ.

ಆಮೇಲೆ ವೃತ್ತವಾಗಿ ಕೂತು ಬೇಕಾದವರು ಹೇಳಲಿ, ಬೇಡದವರು ಬಿಡಲಿ. ‘ಏನು ಕಲಿತೆ?’ ಎಂದು ಕೇಳಿದಿರೋ, ಮುಂದಿನ ವಾರ ಆ ಮಗು ಉತ್ತರ ತಯಾರಿಸಿಕೊಂಡು ಬರುತ್ತದೆ. ‘ನೀಲಿ ಕಾಗೆ ನೋಡಿದೆ’ ಎಂದರೆ ತಿದ್ದಬೇಡಿ. ಮನೆಗೆ ಹೋಗಿ ಹಕ್ಕಿ ಪುಸ್ತಕದಲ್ಲಿ ಅದೇ ಹುಡುಕಿಕೊಳ್ಳಲಿ.

ದೊಡ್ಡವರಿಗೂ ಈ ಹತ್ತು ನಿಮಿಷ ದಕ್ಕುತ್ತದೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್‌ರಿನ್ ಯೋಕು’ ಎಂದು ಹೆಸರಿಟ್ಟು ಜನರನ್ನು ಕಾಡಿಗೆ ಕರೆದದ್ದೂ ಸರಿಸುಮಾರು ಇದಕ್ಕೇ: ನಿಧಾನವಾಗಿ ನಡೆಯುವುದು, ಉಸಿರಾಡುವುದು, ಕೇಳುವುದು. ಅದನ್ನೇ ‘ಅರಣ್ಯ ಸ್ನಾನ’ ಎಂದು ರೆಸಾರ್ಟುಗಳು ಸಾವಿರಾರು ರೂಪಾಯಿಗೆ ಮಾರುತ್ತಿವೆ. ಗೋಣಿಚೀಲವಿದ್ದರೆ ಆ ಖರ್ಚಿಲ್ಲ.

ಕೈಗೆ ಕೆಲಸ, ತಿಂಡಿ

ಬಿದ್ದ ಎಲೆ, ಕಡ್ಡಿ, ಮಣ್ಣಿನಿಂದ ಏನಾದರೂ ಕಟ್ಟಲಿ, ಹೊರಡುವಾಗ ಕೆಡವಲಿ. ಸ್ಪರ್ಧೆ, ಬಹುಮಾನ ಬೇಡ. ಬೀಜ ಬಾಯಿಗೆ ಹೋಗದಂತೆ ಕಣ್ಣಿಡಿ: ಮಕ್ಕಳಿಗೆ ಕೆಂಪು-ಕಪ್ಪು ಗುಲಗಂಜಿ ಎಂದರೆ ಪ್ರಾಣ, ಜಗಿದರೆ ಅದು ಕಡು ವಿಷ. ಉಮ್ಮತ್ತಿ, ಕಣಗಿಲೆಗಳೂ ಅಷ್ಟೇ. ಕೈ ತೊಳೆದು ತಿಂಡಿ ತಿನ್ನಿ.

ಮನೆಗೆ ಬಂದಮೇಲೆ

ಬಟ್ಟೆ ಬಿಚ್ಚಿ ಬಿಸಿನೀರಿನ ಸ್ನಾನ. ಕಿವಿ ಹಿಂದೆ, ಕಂಕುಳು, ಮೊಣಕಾಲ ಹಿಂಬದಿ ನೋಡಿ, ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವ ಹಳೆಯ ಉಪಾಯ ಬೇಡ. ರಜೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡದ ಹೋಂಸ್ಟೇಗಳಲ್ಲಿ ಇದನ್ನೆಲ್ಲ ಮಾಡುವ ಆಸೆಯಿದ್ದರೆ ನೆನಪಿರಲಿ: 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ವರೆಗೆ ಅದರ ಕಾಲ. ಆಗ ಅಲ್ಲಿ ಎಲೆಗಳ ಮೇಲೆ ಕೂರಿಸಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಬಂದು ಎರಡು ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವು ಎಂಬುದನ್ನೇ ವೈದ್ಯರಿಗೆ ಮೊದಲು ಹೇಳಿ.