ಕ್ಯಾನ್ಸರ್ ರೋಗಿಯ ತೂಕದ ಲೆಕ್ಕವನ್ನು ಮನೆಯಲ್ಲೇ ಇಡುವುದು ಹೇಗೆ?

ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವ ಮನೆಗಳಲ್ಲಿ ಸ್ಕ್ಯಾನ್ ರಿಪೋರ್ಟುಗಳೆಲ್ಲ ಫೈಲಿನಲ್ಲಿ ಜೋಪಾನವಾಗಿರುತ್ತವೆ. ಆದರೆ ಮೂರು ತಿಂಗಳ ಹಿಂದೆ ರೋಗಿಯ ತೂಕ ಎಷ್ಟಿತ್ತೆಂದು ಕೇಳಿದರೆ ಹೇಳುವವರು ವಿರಳ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 1980ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಿಮೋಥೆರಪಿಗೆ ಮೊದಲೇ ತೂಕ ಕಳೆದುಕೊಂಡಿದ್ದವರು ಹೆಚ್ಚಿನ ಬಗೆಯ ಕ್ಯಾನ್ಸರ್‌ಗಳಲ್ಲಿ ಉಳಿದವರಿಗಿಂತ ಕಡಿಮೆ ಕಾಲ ಬದುಕಿದ್ದನ್ನು ತೋರಿಸಿತ್ತು. ಮೈಯಲ್ಲಿ ಶಕ್ತಿಯಿಲ್ಲದವರಿಗೆ ಕಿಮೋ ತಡೆದುಕೊಳ್ಳುವುದೂ ಕಷ್ಟ, ಶಸ್ತ್ರಚಿಕಿತ್ಸೆಯ ಗಾಯ ಮಾಯುವುದೂ ನಿಧಾನ.

ಆದ್ದರಿಂದ ರೋಗ ಪತ್ತೆಯಾದ ವಾರದಲ್ಲೇ ಒಂದು ನೋಟ್‌ಬುಕ್ ತೆರೆಯಿರಿ. ವಾರಕ್ಕೊಮ್ಮೆ, ಒಂದೇ ತೂಕದ ಯಂತ್ರದ ಮೇಲೆ, ಬೆಳಿಗ್ಗೆ ಶೌಚ ಮುಗಿಸಿ ತಿಂಡಿಗೆ ಮೊದಲು, ಹಗುರವಾದ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಇಳಿದ ತೂಕವನ್ನು ಹಿಂದಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಇಳಿಕೆ ತಿಳಿಯುತ್ತದೆ: 60 ಕೆಜಿ ಇದ್ದವರು 56ಕ್ಕೆ ಇಳಿದಿದ್ದರೆ ಅದು ಶೇ. 6.7. ಆರು ತಿಂಗಳೊಳಗೆ ಶೇ. 5ಕ್ಕಿಂತ ಹೆಚ್ಚು ಇಳಿದರೆ, ಅಥವಾ ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 20ಕ್ಕಿಂತ ಕಡಿಮೆ ಇರುವವರಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿದರೆ, ಅದನ್ನು ಕ್ಯಾಕೆಕ್ಸಿಯಾ ಎಂದು ಪರಿಗಣಿಸಬೇಕೆಂದು 2011ರಲ್ಲಿ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಇದು ಬರೀ ಹಸಿವಿನ ಸೊರಗುವಿಕೆಯಲ್ಲ. ರೋಗವೇ ಸ್ನಾಯುಗಳನ್ನು ಕರಗಿಸುವ ಸ್ಥಿತಿ. ಊಟವೊಂದರಿಂದಲೇ ಇದು ಪೂರ್ತಿ ಸರಿಹೋಗುವುದಿಲ್ಲವಾದ್ದರಿಂದ ಬೇಗ ಗುರುತಿಸಿದಷ್ಟೂ ಒಳ್ಳೆಯದು.

ಯಂತ್ರ ತೋರಿಸುವ ಅಂಕಿಯೊಂದನ್ನೇ ನಂಬಬೇಡಿ. ಹೊಟ್ಟೆಯಲ್ಲಿ ಅಥವಾ ಕಾಲಿನಲ್ಲಿ ನೀರು ತುಂಬಿಕೊಂಡಾಗ ಮೈ ಕರಗುತ್ತಿದ್ದರೂ ತೂಕ ಹಾಗೆಯೇ ನಿಂತಿರುತ್ತದೆ. ಕಣಕಾಲನ್ನು ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಉಳಿದರೆ ಅದು ನೀರು. ದಪ್ಪ ಮೈಯವರಲ್ಲಿ ಸ್ನಾಯು ಕರಗಿದ್ದು ಕೊಬ್ಬಿನ ಮರೆಯಲ್ಲಿ ಕಾಣುವುದೇ ಇಲ್ಲ. ಮಣಿಕಟ್ಟಿನಲ್ಲಿ ಬಿಗಿಯಾಗಿದ್ದ ಬಳೆ ಮೊಣಕೈವರೆಗೆ ಜಾರುತ್ತಿದೆಯೇ, ಕಣ್ಣಿನ ಪಕ್ಕದ ಕಣತಲೆ ಕುಳಿಬಿದ್ದಿದೆಯೇ, ಕುರ್ಚಿಯಿಂದ ಏಳಲು ಕೈಯೂರಬೇಕಾಗಿದೆಯೇ ಎಂಬುದನ್ನೂ ನೋಡಿ ಬರೆಯಿರಿ. ರಕ್ತಪರೀಕ್ಷೆಯಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಬಂದೊಡನೆ ಊಟ ಸಾಲದೆಂದು ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ದೇಹದೊಳಗಿನ ಉರಿಯೂತದಿಂದಲೂ ಅದು ಇಳಿಯುತ್ತದೆ.

ಸಾಮಾನ್ಯವಾಗಿ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆಜಿ ತೂಗುವವರಿಗೆ 50ರಿಂದ 75 ಗ್ರಾಂ ಪ್ರೋಟೀನ್ ಎಂದಾಯಿತು; ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಈ ಪ್ರಮಾಣ ನಿರ್ಧರಿಸಬೇಕು. ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ತಪ್ಪೆಂದರೆ ತೆಳ್ಳನೆಯ ಗಂಜಿ: ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಅದೇ ರಾಗಿ ಗಂಜಿಯನ್ನು ಹಾಲಿನಲ್ಲಿ ಗಟ್ಟಿಯಾಗಿ ಕಾಯಿಸಿ, ಹಾಲಿನ ಪುಡಿ, ನುಣ್ಣಗೆ ಅರೆದ ಕಡಲೆಕಾಯಿ ಬೀಜ, ಒಂದು ಚಮಚ ತುಪ್ಪ ಬೆರೆಸಿ, ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಉಪವಾಸದಿಂದ ಗಡ್ಡೆ ಒಣಗುತ್ತದೆಂಬ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಗಡ್ಡೆಗಿಂತ ಮೊದಲು ಸೊರಗುವುದು ಮನುಷ್ಯ.

ವಾರವಿಡೀ ಊಟ ಅರ್ಧಕ್ಕಿಳಿದರೆ ಮುಂದಿನ ಕಿಮೋ ದಿನಾಂಕದವರೆಗೆ ಕಾಯದೆ ನೋಟ್‌ಬುಕ್ ಹಿಡಿದು ವೈದ್ಯರ ಬಳಿಗೆ ಹೋಗಿ, ಡಯಟೀಷಿಯನ್ ಭೇಟಿಯನ್ನು ಕೇಳಿ ಪಡೆಯಿರಿ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಇದ್ದು ನುಂಗುವುದೇ ಕಷ್ಟವಾದಾಗ ಮೂಗಿನ ನಳಿಕೆಯ ಮೂಲಕ ಆಹಾರ ಕೊಡಲು ಅವರು ಸೂಚಿಸಬಹುದು. ಅದನ್ನು ಕೊನೆಗಾಲದ ಲಕ್ಷಣವೆಂದು ಭಾವಿಸಿ ಮುಂದೂಡಬೇಡಿ. ಐದಾರು ದಿನ ಏನೂ ಸೇರದೇ ಇದ್ದವರಿಗೆ ಮಾತ್ರ ಮನೆಯಲ್ಲೇ ಒಮ್ಮೆಗೆ ಹೊಟ್ಟೆತುಂಬ ಉಣಿಸಬೇಡಿ. ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಮ್ ದಿಢೀರನೆ ಕುಸಿದು ಹೃದಯಕ್ಕೆ ಅಪಾಯವಾಗಬಹುದಾದ್ದರಿಂದ, ಅಂಥವರ ಊಟವನ್ನು ವೈದ್ಯರ ನಿಗಾದಲ್ಲೇ ನಿಧಾನವಾಗಿ ಏರಿಸಬೇಕು.