ಎರಡು ಹೆಗ್ಗೋಡು

ಮಾಟುಂಗದಲ್ಲಿ ನಮ್ಮ ಕನ್ನಡ ಸಂಘದ ಗ್ರಂಥಾಲಯ ನೋಡಿಕೊಳ್ಳುವ ಶೆಟ್ರು ಒಂದು ಶನಿವಾರ ನನ್ನನ್ನು ಬಾಗಿಲಲ್ಲೇ ತಡೆದರು. “ಮಾರಾಯ, ಪ್ರಕಟಣೆಯ ಊರು ಹೆಗ್ಗೋಡು ಅಂತ ಹುಡುಕಿದ್ರೆ ಕಂಪ್ಯೂಟರಿನಲ್ಲಿ ಅರ್ಧಕ್ಕರ್ಧ ಪುಸ್ತಕ ಬರುವುದಿಲ್ಲ. ಕಪಾಟಿನಲ್ಲಿ ಎಲ್ಲ ಉಂಟು. ಸ್ವಲ್ಪ ನೋಡು.” ಕಂಪ್ಯೂಟರಿಗೆ ಪುಸ್ತಕಗಳ ಪಟ್ಟಿ ಮಾಡಿಕೊಟ್ಟಿದ್ದವರು ಈಗ ಫೋನ್ ಎತ್ತುವುದಿಲ್ಲವಂತೆ. ಅವರು ಬಿಟ್ಟುಹೋದದ್ದು ಒಂದು ಜೇಸನ್ ಫೈಲ್ ಮಾತ್ರ, ಅಂದರೆ ಮಾಹಿತಿಯನ್ನು ಹೆಸರು-ಮೌಲ್ಯಗಳ ಜೋಡಿಯಾಗಿ ಬರೆದಿಡುವ ಪಠ್ಯ ಫೈಲ್. ಅದನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಡೊಂಬಿವಲಿ ಲೋಕಲ್ ಹತ್ತಿದೆ.

ಫೈಲ್ 14 ಎಂಬಿ, ಅಷ್ಟೂ ಒಂದೇ ಸಾಲು. ಎಡಿಟರ್‌ನಲ್ಲಿ ತೆರೆದರೆ ಲ್ಯಾಪ್‌ಟಾಪ್ ಉಸಿರು ಕಟ್ಟಿತು. ಮೇಲಾಗಿ ಕನ್ನಡದ ಒಂದಕ್ಷರವೂ ಕಾಣದು. ‘ಕ’ ಇರಬೇಕಾದಲ್ಲಿ ಬ್ಯಾಕ್‌ಸ್ಲ್ಯಾಷ್ ಯು 0ಸಿ95 ಎಂಬ ಸಂಕೇತ.

ಇಂಥ ಫೈಲ್ ಸಿಕ್ಕಾಗ ನಾನು ತಕ್ಷಣ ಪ್ರೋಗ್ರಾಂ ಬರೆಯಲು ಕೂರುವುದಿಲ್ಲ, ಮೊದಲು ಒಳಗೆಲ್ಲ ಓಡಾಡಿ ಬರುತ್ತೇನೆ. ಅದಕ್ಕೆ ಜೆಲೆಸ್ ಎಂಬ ಜೇಸನ್ ನೋಡುವ ಪ್ರೋಗ್ರಾಂ ಒಳ್ಳೆಯದು. ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲೇ, ಫೈಲ್ ಮರದಂತೆ ತೆರೆದುಕೊಳ್ಳುತ್ತದೆ, ಕೊಂಬೆಗಳನ್ನು ಮಡಚಬಹುದು, ನಿಂತ ಜಾಗದ ದಾರಿ ಕೆಳಗಿನ ಸಾಲಿನಲ್ಲಿ ಕಾಣುತ್ತದೆ. ಪ್ರಕಟಣೆಯ ಊರು ಎರಡು ಹಂತ ಒಳಗಿದೆ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು.

ಆಮೇಲೆ ಎಫ್‌ಝಡ್‌ಎಫ್ ಎಂಬ ಹುಡುಕುವ ಸಾಧನದ ಪ್ರಿವ್ಯೂ ಕಿಟಕಿಗೆ, ಜೇಸನ್‌ನಿಂದ ಬೇಕಾದ್ದನ್ನು ಹೆಕ್ಕಿ ಕೊಡುವ ಜೆಕ್ಯೂ ಎಂಬ ಕಮಾಂಡ್ ಜೋಡಿಸಿದೆ. ಇದು ನನಗೆ ಬಹಳ ಇಷ್ಟದ ಏರ್ಪಾಡು. ಒಂದು ಕಡೆ ಪ್ರಶ್ನೆ ಟೈಪ್ ಮಾಡುತ್ತಿದ್ದಂತೆ ಪಕ್ಕದಲ್ಲಿ ಉತ್ತರ ಬದಲಾಗುತ್ತಾ ಹೋಗುತ್ತದೆ. ತಪ್ಪಿದರೆ ಅಲ್ಲೇ ದೋಷ ಕಾಣುತ್ತದೆ, ಒಂದಕ್ಷರ ಅಳಿಸಿದರೆ ಮತ್ತೆ ಸರಿ. ಆದರೆ ಪ್ರತಿ ಕೀಲಿಗೂ ಇಡೀ ಫೈಲ್ ಓದಬೇಕಾದ್ದರಿಂದ ತಡವರಿಸುತ್ತಿತ್ತು. ಮೊದಲ 200 ದಾಖಲೆಗಳನ್ನು ಬೇರೆ ಫೈಲಿಗೆ ತೆಗೆದು ಅದರ ಮೇಲೆ ಆಡಿದೆ. ಎಲ್ಲವೂ ಸರಿಯಾಗಿತ್ತು! ಒಂದು ಸಂಜೆ ಹಾಗೇ ಹೋಯಿತು. ಆ ಮೊದಲ 200 ದಾಖಲೆಗಳೂ ಒಂದೇ ಕಾಲದಲ್ಲಿ ಟೈಪ್ ಆದವು. ಮರುದಿನ ಪ್ರತಿ ಮೂವತ್ತನೆಯ ದಾಖಲೆ ಎತ್ತಿಕೊಂಡೆ. ತೊಂದರೆ ಆಗ ಹೊರಬಂತು.

ಫೈಲನ್ನು ಕೋಷ್ಟಕವಾಗಿ ತೋರಿಸುವ ವಿಸಿಡೇಟಾ ಎಂಬ ಪ್ರೋಗ್ರಾಂನಲ್ಲಿ ಊರಿನ ಕಾಲಂ ಮೇಲೆ ನಿಂತು ದೊಡ್ಡ ಎಫ್ ಒತ್ತಿದರೆ ಯಾವ ಊರು ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಬರುತ್ತದೆ. ಇಡೀ ಫೈಲಿನ ಮೇಲೆ ಒತ್ತಿದೆ. ಹೆಗ್ಗೋಡು 64. ನಾಲ್ಕು ಸಾಲು ಕೆಳಗೆ ಮತ್ತೆ ಹೆಗ್ಗೋಡು, 51.

ಎರಡನ್ನೂ ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ. ಟರ್ಮಿನಲ್‌ನಲ್ಲಿ ಒತ್ತಕ್ಷರ ಮೊದಲೇ ಒಡೆದು ಕಾಣುತ್ತದೆ, ಅಲ್ಲಿ ಕಣ್ಣನ್ನು ನಂಬುವ ಹಾಗಿಲ್ಲ. ಜೆಕ್ಯೂಗೆ ಎರಡರ ಉದ್ದ ಕೇಳಿದೆ. ಒಂದು 8, ಇನ್ನೊಂದು 9. ಅದರ ಎಕ್ಸ್‌ಪ್ಲೋಡ್ ಎಂಬ ಫಂಕ್ಷನ್ ಪದವನ್ನು ಯುನಿಕೋಡ್ ಅಂಕಿಗಳಾಗಿ, ಅಂದರೆ ಪ್ರತಿ ಅಕ್ಷರ ಮತ್ತು ಗುರುತಿಗೆ ಕಂಪ್ಯೂಟರ್ ಬಳಸುವ ಸಂಖ್ಯೆಗಳಾಗಿ ಬಿಡಿಸುತ್ತದೆ. ಮೊದಲನೆಯದರಲ್ಲಿ ‘ಗೋ’ದ ಸ್ವರ ಒಂದೇ ಅಂಕಿ, 3275. ಎರಡನೆಯದರಲ್ಲಿ 3274, 3285 ಎಂದು ಎರಡು, ಅಂದರೆ ಹ್ರಸ್ವ ಒಕಾರ ಮತ್ತು ಬೇರೆಯಾಗಿ ಒಂದು ದೀರ್ಘದ ಗುರುತು. ಯುನಿಕೋಡ್ ಪ್ರಕಾರ ಇವೆರಡೂ ಸಮಾನ, ಆದರೆ ಹುಡುಕುವ ಪ್ರೋಗ್ರಾಂ ಅಂಕಿ ನೋಡುತ್ತದೆ, ಉಚ್ಚಾರವನ್ನಲ್ಲ. ಶೆಟ್ರನ್ನು ವಿಚಾರಿಸಿದಾಗ ತಿಳಿಯಿತು, ಅರ್ಧ ಪಟ್ಟಿ ಹಳೆಯ ನುಡಿ ಫಾಂಟಿನಿಂದ ಪರಿವರ್ತಿಸಿದ್ದು. ಆ ಫಾಂಟುಗಳಲ್ಲಿ ದೀರ್ಘ ಬೇರೆಯೇ ತುಂಡು. ಪರಿವರ್ತಿಸಿದವರು ಜೋಡಿಸದೆ ಹಾಗೇ ಬಿಟ್ಟಿದ್ದಾರೆ.

ಎನ್‌ಎಫ್‌ಸಿ ಎಂಬ ಯುನಿಕೋಡ್ ಕ್ರಮ ಇಂಥ ತುಂಡುಗಳನ್ನು ಕೂಡಿಸುತ್ತದೆ. ಯುಕಾನ್ವ್ ಎಂಬ ಕಮಾಂಡ್‌ನಿಂದ ಫೈಲಿಗೆ ಹಚ್ಚಿದೆ. ಏನೂ ಬದಲಾಗಲಿಲ್ಲ. ಆಮೇಲೆ ಹೊಳೆಯಿತು: ಮೂಲ ಫೈಲಿನಲ್ಲಿ ಕನ್ನಡವೇ ಇಲ್ಲ, ಬ್ಯಾಕ್‌ಸ್ಲ್ಯಾಷ್ ಸಂಕೇತಗಳಿವೆ, ಅವು ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಮೊದಲು ಜೆಕ್ಯೂ ಮೂಲಕ ಹಾಯಿಸಿದರೆ ಅವು ನಿಜವಾದ ಕನ್ನಡವಾಗುತ್ತವೆ, ಕೂಡಿಸುವುದು ಅದಾದ ಮೇಲೆ. ಈ ಅನುಕ್ರಮ ತಪ್ಪಿಸಬೇಡಿ.

ಮುಂದಿನ ಶನಿವಾರ ಹೊಸ ಫೈಲ್ ಹಾಕಿ ಶೆಟ್ರ ಕೈಯಲ್ಲೇ ಹುಡುಕಿಸಿದೆ. 115. ಅವರು ಕನ್ನಡಕ ಏರಿಸಿಕೊಂಡು ಕಪಾಟಿಗೆ ಹೋಗಿ ಎಣಿಸತೊಡಗಿದರು. ನಾನು ‘ಹಾವೇರಿ’ ಟೈಪ್ ಮಾಡಿದೆ, ಅಲ್ಲಿಯೂ ‘ವೇ’ ಇದೆಯಲ್ಲ.